ದಿಂಬಿನಡಿಯ ಕತ್ತಿ

ನಮ್ಮ ಕಡೆ ಬಾಣಂತಿಯ ದಿಂಬಿನಡಿ ಕಬ್ಬಿಣ ಇಡುತ್ತಾರೆ. ಕೆಲವರ ಮನೆಯಲ್ಲಿ ಅಡಕತ್ತರಿ, ಕೆಲವರ ಮನೆಯಲ್ಲಿ ಕುಡುಗೋಲು. ನನ್ನ ತವರಿನಲ್ಲಿ ಅಜ್ಜಿ ಕಾಲದ ಒಂದು ಸಣ್ಣ ಕತ್ತಿ. ಮರದ ಹಿಡಿ, ಗೇಣುದ್ದದ ಅಲಗು, ತುದಿ ಸ್ವಲ್ಪ ಮುರಿದಿದೆ. ಅಜ್ಜಿ, ಅಮ್ಮ, ಚಿಕ್ಕಮ್ಮಂದಿರು ಎಲ್ಲರ ಬಾಣಂತನವನ್ನೂ ಕಾದ ಕತ್ತಿ ಅಂತ ಅಮ್ಮನಿಗೆ ಅದರ ಮೇಲೆ ಒಂಥರಾ ಅಭಿಮಾನ. 2023ರ ಜೂನ್‌ನಲ್ಲಿ ಮಗಳು ಹುಟ್ಟಿ, ಆಸ್ಪತ್ರೆಯಿಂದ ಮನೆಗೆ ಬಂದ ಸಂಜೆಯೇ ಅಮ್ಮ ಅದನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ದಿಂಬಿನ ಕೆಳಗೆ ತುರುಕಿದಳು. "ಗಾಳಿ ಗೀಳಿ ಸೋಕಬಾರ್ದು ನೋಡು" ಅಂದಳು.

ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ ನೆನಪಿಲ್ಲ. ರಾತ್ರಿ, ಹೊರಗೆ ಹೆಂಚಿನ ಮೇಲೆ ಮಳೆ ಒಂದೇ ಸಮ ಹೊಡೆಯುತ್ತಿತ್ತು. ಪಾಪುವಿಗೆ ಹಾಲು ಕುಡಿಸಿ ಮಲಗಿಸಿ, ದಿಂಬು ಸರಿಮಾಡಿಕೊಳ್ಳೋಣ ಅಂತ ಕೈ ಹಾಕಿದೆ. ಬಟ್ಟೆಯೊಳಗಿನ ಅಲಗು ಬೆರಳಿಗೆ ತಾಗಿತು. 'ಇದರಿಂದ ಪಾಪುಗೆ…' ಅಂತ ತಲೆಯೊಳಗೆ ಒಂದು ಮಾತು ಎದ್ದಿತು. ಯಾರೋ ಹೇಳಿದ ಹಾಗಲ್ಲ. ನಾನೇ ನನಗೆ ಹೇಳಿಕೊಂಡ ಹಾಗೆ. ಮಾತಿನ ಹಿಂದೆಯೇ ಒಂದು ಚಿತ್ರ. ಎದ್ದು ಕೂತೆ. ಎದೆ ಬಡಿದುಕೊಳ್ಳುವ ಸದ್ದಿಗೆ ಪಾಪು ಏಳುತ್ತದೇನೋ ಅನ್ನುವ ಹಾಗಿತ್ತು.

ಬೆಳಗ್ಗೆ ಅಮ್ಮನಿಗೆ "ಆ ಕತ್ತಿ ತೆಗಿಯೇ, ಚುಚ್ಚತ್ತೆ" ಅಂದೆ. ಅಮ್ಮ ಇನ್ನೊಂದು ಸುತ್ತು ಬಟ್ಟೆ ಸುತ್ತಿ ಅಲ್ಲೇ ಇಟ್ಟಳು. ಮಾರನೇ ದಿನ ಮತ್ತೆ ಕೇಳಿದೆ. "ಎಂತಕ್ಕೆ ತೆಗಿಯೋದು? ಮೂರು ತಿಂಗಳು ಅದು ಅಲ್ಲೇ ಇರ್ಬೇಕು" ಅಂದಳು. ಯಾಕೆ ತೆಗೆಯಬೇಕು ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ಅವಳ ಬಾಯಿಂದ ಬರುತ್ತಿದ್ದ ಪದ ಯಾವುದು ಅಂತ ನನಗೆ ಗೊತ್ತಿತ್ತು. ಬಾಣಂತಿ ಸನ್ನಿ. ನಾವು ಸಣ್ಣವರಿದ್ದಾಗ ಕೆಳಗಿನ ಮನೆಯ ಒಬ್ಬಳು ಬಾಣಂತಿ ಸನ್ನಿಯಾಗಿ ಬಾವಿಗೆ ಹಾರಿದಳು ಅಂತ ಹೇಳುತ್ತಿದ್ದರು. ಅವಳ ಹೆಸರನ್ನೂ ಊರಲ್ಲಿ ಜೋರಾಗಿ ಹೇಳುವವರಿಲ್ಲ. ಆ ಸಾಲಿನಲ್ಲಿ ನನ್ನ ಹೆಸರೂ ಸೇರುತ್ತದೆ ಅನ್ನಿಸಿತು.

ಆಮೇಲೆ ಒಂದು ಕತ್ತಿಗೇ ನಿಲ್ಲಲಿಲ್ಲ. ಅಡಿಗೆಮನೆಯ ಈಳಿಗೆಮಣೆ, ಬಚ್ಚಲ ಹಂಡೆಯ ಕುದಿನೀರು, ಹಿತ್ತಲ ಬಾವಿಕಟ್ಟೆ. ಯಾವುದನ್ನು ನೋಡಿದರೂ ಮನಸ್ಸು ಅದಕ್ಕೊಂದು ಚಿತ್ರ ಜೋಡಿಸಿ ತೋರಿಸುತ್ತಿತ್ತು. ಪಾಪುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುವುದನ್ನು ಅಮ್ಮನಿಗೆ ಬಿಟ್ಟೆ, ಸೊಂಟ ನೋವು ಅಂತ ನೆಪ. ನೀರು ಹಾಕಲು ಬರುವ ಅಜ್ಜಿ ಬರದ ದಿನ ಪಾಪುವಿಗೆ ಸ್ನಾನವೇ ಇಲ್ಲ. ರಾತ್ರಿ ಅಮ್ಮ ನಿದ್ದೆ ಹೋದ ಮೇಲೆ ದಿಂಬನ್ನು ಕತ್ತಿ ಸಮೇತ ಕೋಣೆಯ ಇನ್ನೊಂದು ಮೂಲೆಗೆ ಸರಿಸಿ, ಬರೀ ಚಾಪೆಯ ಮೇಲೆ ಕೈ ಕಟ್ಟಿಕೊಂಡು ಮಲಗುತ್ತಿದ್ದೆ. ಕೈ ಕಟ್ಟಿಕೊಳ್ಳುವುದು ಯಾಕೆಂದರೆ, ನಿದ್ದೆಗಣ್ಣಿನಲ್ಲಿ ಕೈ ಏನಾದರೂ ಮಾಡಿಬಿಟ್ಟರೆ? ಬೆಳಗಿನ ಜಾವ ಅಮ್ಮ ಏಳುವ ಮೊದಲು ದಿಂಬು ಮತ್ತೆ ಮೊದಲಿನ ಜಾಗಕ್ಕೆ.

ಆಶಾ ಕಾರ್ಯಕರ್ತೆ ಲೆಕ್ಕದ ಪ್ರಕಾರ ಬಂದಳು: 3, 7, 14, 21, 28, 42ನೇ ದಿನ. ಒಳ್ಳೆಯ ಹೆಂಗಸು, ಮಳೆಯಲ್ಲಿ ಕೊಡೆ ಹಿಡಿದುಕೊಂಡು ತೋಟ ದಾಟಿ ಬರುತ್ತಿದ್ದಳು. ಪಾಪುವಿನ ತೂಕ, ಹೊಕ್ಕುಳು, ಹಾಲು, ನನಗೆ ಜ್ವರ ಇದೆಯಾ, ಸ್ರಾವ ಹೇಗಿದೆ, ಎಲ್ಲ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. "ಮನಸ್ಸು ಹೆಂಗಿದೆ" ಅಂತ ಒಂದು ಸಲ ಕೇಳಿದ್ದರೆ? ಕೇಳಿದ್ದರೂ ನಾನು ಆರಾಮ್ ಅನ್ನುತ್ತಿದ್ದೆ, ಬಿಡಿ. ಅವಳ ಮನೆ ನಮ್ಮ ಸೊಸೈಟಿ ಪಕ್ಕ. ನಾನು ಅಲ್ಲೇ ಗುಮಾಸ್ತೆ.

ಒಂದೂವರೆ ತಿಂಗಳಿಗೆ ಪಾಪುವಿನ ಇಂಜೆಕ್ಷನ್, ನನ್ನ ತಪಾಸಣೆ. ಬಸ್ಸಿನಲ್ಲಿ ಒಂದು ಗಂಟೆ ದಾರಿ, ಪೂರ್ತಿ ಒಂದೇ ವಾಕ್ಯ ಕಂಠಪಾಠ ಮಾಡಿದೆ: 'ಡಾಕ್ಟ್ರೇ, ನಂಗೆ ಪಾಪು ಬಗ್ಗೆ ಕೆಟ್ಟ ಕೆಟ್ಟ ಯೋಚನೆ ಬರತ್ತೆ.' ಹೆರಿಗೆ ಡಾಕ್ಟರ ಎದುರು ಕೂತಾಗ ಅದರಲ್ಲಿ ಮೊದಲೆರಡು ಪದ ಮಾತ್ರ ಹೊರಬಂತು. "ಡಾಕ್ಟ್ರೇ, ನಂಗೆ…" ಅವರು ಬರೆಯುತ್ತಲೇ "ನಿದ್ದೆ ಆಗ್ತಿಲ್ವಾ? ಮೊದಲನೇದಲ್ವಾ, ಆಗುತ್ತೆ. ಕಬ್ಬಿಣದ ಮಾತ್ರೆ ನಿಲ್ಲಿಸ್ಬೇಡಿ" ಅಂದರು. ದಿಂಬಿನ ಕೆಳಗೂ ಕಬ್ಬಿಣ, ಹೊಟ್ಟೆಗೂ ಕಬ್ಬಿಣ. ಹೊರಗೆ ಬಂದು ನಗು ಬಂತು, ಆಮೇಲೆ ಅಳು ಬಂತು. ಅಮ್ಮ ಪಾಪುವಿಗೆ ಇಂಜೆಕ್ಷನ್ ನೋವಾಯ್ತು ಅಂತ ನಾನು ಅಳುತ್ತಿದ್ದೇನೆ ಅಂದುಕೊಂಡಳು.

ಎರಡನೆಯವರು ಊರಿನ ಡಾಕ್ಟರು. ಎದೆ ಹೊಡ್ಕೊಳ್ಳತ್ತೆ ಅಂದೆ, ಬಿ.ಪಿ. ನೋಡಿ ನಿದ್ದೆಗೆ ಅರ್ಧ ಮಾತ್ರೆ ಕೊಟ್ಟರು. ನಿದ್ದೆ ಬಂದರೆ ಕೈ ನನ್ನ ಹತೋಟಿಯಲ್ಲಿರಲ್ಲ ಅಂತ ಆ ಮಾತ್ರೆ ನುಂಗಲೇ ಇಲ್ಲ.

ಮೂರನೆಯದು ಸ್ವಲ್ಪ ವಿವರವಾಗಿ ಹೇಳಬೇಕು. ಅಷ್ಟರಲ್ಲಿ ನಾಲ್ಕು ತಿಂಗಳಾಗಿ ಗಂಡನ ಮನೆಗೆ ಬಂದಿದ್ದೆ. ನಾನು ಮಂಕಾಗಿರುವುದನ್ನು ನೋಡಿ ನಮ್ಮನೆಯವರೇ ಪೇಟೆಯ ಒಬ್ಬ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಒಳಗೆ ಹೋಗುವ ಮುಂಚೆ ನರ್ಸ್ ಒಂದು ಹಾಳೆ ಕೊಟ್ಟಳು. ಹತ್ತು ಪ್ರಶ್ನೆ, ಕನ್ನಡದಲ್ಲಿ. ಅದು 1987ರಲ್ಲಿ ಎಡಿನ್‌ಬರೋದಲ್ಲಿ ಮಾಡಿದ, ಬಾಣಂತಿಯರ ಖಿನ್ನತೆ ಅಳೆಯುವ ಪಟ್ಟಿ ಅಂತ ಆಮೇಲೆ ತಿಳಿಯಿತು. ನಗು ಬರುತ್ತದೆಯೇ, ಕಾರಣವಿಲ್ಲದೆ ಭಯವಾಗುತ್ತದೆಯೇ, ಅಳು ಬರುತ್ತದೆಯೇ. ಒಂದೊಂದೇ ಓದುತ್ತಾ ಹೋದೆ, ನನ್ನ ಪ್ರಶ್ನೆ ಎಲ್ಲಿ ಬರುತ್ತದೋ ಅಂತ ಗಂಟಲು ಒಣಗಿತ್ತು. ಹತ್ತನೆಯದು, ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ? ಇಲ್ಲ. ಅಲ್ಲಿಗೆ ಮುಗಿಯಿತು. ಮಗುವಿನ ಬಗ್ಗೆ ಹಾಗೆ ಬರುತ್ತದೆಯೇ ಅಂತ ಹನ್ನೊಂದನೇ ಪ್ರಶ್ನೆ ಇರಲಿಲ್ಲ. ಸಮಾಧಾನವೂ ಆಯಿತು, ಎದೆ ಕುಸಿಯಿತು ಕೂಡ. ಹಾಳೆಯಲ್ಲೇ ಇಲ್ಲ ಅಂದರೆ ಇದು ಯಾವ ತಾಯಿಗೂ ಬರದಂಥದ್ದು, ನಾನೊಬ್ಬಳೇ ಅಂತ ಅರ್ಥ ಮಾಡಿಕೊಂಡೆ.

ಒಳಗೆ ಡಾಕ್ಟರ ಎದುರು ನಾನು, ಪಕ್ಕದಲ್ಲಿ ನಮ್ಮನೆಯವರು, ಅವರ ತೊಡೆಯ ಮೇಲೆ ಪಾಪು. ಬಾಗಿಲು ಅರ್ಧ ತೆರೆದಿತ್ತು. ಮುಂದಿನ ಪೇಷೆಂಟ್ ಆಗಲೇ ಹೊಸ್ತಿಲಲ್ಲಿ ನಿಂತು ಫೈಲು ಬಡಿಯುತ್ತಿದ್ದ. "ಹೇಳಿ, ಏನು ತೊಂದ್ರೆ?" ಅಂದರು. ಹೇಳಲು ಎಂಥ ಜಾಗ! "ಬೇಜಾರು ಸಾರ್" ಅಂದೆ. ನಮ್ಮನೆಯವರು ನನ್ನ ಪರವಾಗಿ ಉಳಿದದ್ದು ಹೇಳಿದರು. ಸರಿಯಾಗಿ ಊಟ ಮಾಡಲ್ಲ, ಮಗು ಎತ್ಕೊಳ್ಳೋಕೆ ಹಿಂದೇಟು. ಡಾಕ್ಟರು "ಮಗು ಮೇಲೆ ಪ್ರೀತಿ ಬರ್ತಿಲ್ವಾ?" ಅಂದರು. ಆ ಪ್ರಶ್ನೆಗೆ ಇವತ್ತಿಗೂ ನನ್ನ ಕೈ ನಡುಗುತ್ತದೆ. ಪ್ರೀತಿ ಇದ್ದದ್ದಕ್ಕೇ ಎತ್ತಿಕೊಳ್ಳುತ್ತಿರಲಿಲ್ಲ. ಆದರೆ ಅದನ್ನು ಬಿಡಿಸಿ ಹೇಳಿದರೆ ಕೆಳಗಿದ್ದದ್ದೆಲ್ಲ ಹೊರಗೆ ಬರುತ್ತಿತ್ತು. ತಲೆ ತಗ್ಗಿಸಿದೆ. ಅವರು ಖಿನ್ನತೆ ಅಂತ ಬರೆದರು. ನಾನು ಹೇಳಿದ್ದರ ಮೇಲೆ ಬರೆದರು, ಅವರ ತಪ್ಪು ಅನ್ನಲಾರೆ. ಆದರೆ ಗಂಡನನ್ನು ಎರಡು ನಿಮಿಷ ಹೊರಗೆ ಕಳಿಸಿ ಬಾಗಿಲು ಹಾಕಿದ್ದರೆ ನನಗೆ ಒಂದೂವರೆ ತಿಂಗಳು ಉಳಿಯುತ್ತಿತ್ತು ಅಂತ ಈಗಲೂ ಅಂದುಕೊಳ್ಳುತ್ತೇನೆ.

ಆ ಒಂದೂವರೆ ತಿಂಗಳು ನಾನು ಮೊಬೈಲಿನಲ್ಲಿ ಓದಿದ್ದೇ ಓದಿದ್ದು. ಪರದೇಶದ ತಾಯಂದಿರು ಬರೆದದ್ದು ಸಿಕ್ಕಿತು. ಡಾಕ್ಟರಿಗೆ ಹೇಳಿದರೆ ಸರ್ಕಾರದವರು ಬಂದು ಮಗುವನ್ನು ಕರೆದುಕೊಂಡು ಹೋಗುತ್ತಾರೆ ಅನ್ನುವುದು ಅವರ ಹೆದರಿಕೆ. ನಮ್ಮಲ್ಲಿ ಅದಕ್ಕೆ ಸರ್ಕಾರ ಬೇಕಿಲ್ಲ, ಅತ್ತೆ ಸಾಕು. 'ಮಗು ನಮ್ಮ ಹತ್ರ ಇರ್ಲಿ, ನೀನು ತವರಿಗೆ ಹೋಗು' ಅಂದರೆ ಮುಗಿಯಿತು. ಅತ್ತೆ ಅಂಥವರಲ್ಲ. ಆದರೂ ರಾತ್ರಿ ಎರಡು ಗಂಟೆಗೆ ಎಲ್ಲರೂ ಅಂಥವರಾಗಿಯೇ ಕಾಣುತ್ತಾರೆ.

ಕಾಯ್ದೆಯನ್ನೂ ಓದಿದೆ. ಸೊಸೈಟಿಯಲ್ಲಿ ಬೈಲಾ ಓದಿ ಓದಿ ಅಭ್ಯಾಸ, ಕಾನೂನಿನ ಭಾಷೆ ನನಗೆ ಹೊಸದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ರೋಗಿ ಹೇಳಿದ್ದನ್ನು ಡಾಕ್ಟರು ಗುಟ್ಟಾಗಿ ಇಡಬೇಕು. ಓದಿ ಉಸಿರು ಬಂತು. ಅದರ ಕೆಳಗೇ ವಿನಾಯಿತಿಗಳು: ಬೇರೆ ಒಬ್ಬ ವ್ಯಕ್ತಿಗೆ ಹಾನಿ, ಹಿಂಸೆ ಆಗುವುದನ್ನು ತಪ್ಪಿಸಲು ಬೇಕಾದಷ್ಟು ಮಾಹಿತಿ ಹೇಳಬಹುದು. ಬಂದ ಉಸಿರು ಹೋಯಿತು. ಇಡೀ ದೇಶಕ್ಕೆ ಮಾಡಿದ ಕಾಯ್ದೆಯಲ್ಲಿ ಆ ಒಂದು ಸಾಲು ನನ್ನನ್ನೇ ನೋಡಿ ಬರೆದ ಹಾಗಿತ್ತು. 21ನೇ ಸೆಕ್ಷನ್‌ನಲ್ಲಿ ಇನ್ನೊಂದಿದೆ. ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. 'ಸಾಮಾನ್ಯವಾಗಿ' ಅನ್ನುವ ಪದಕ್ಕೆ ಗಂಟು ಬಿದ್ದು ಮೂರು ರಾತ್ರಿ ಕಳೆದೆ. ಕಾಯಿಲೆಯ ಗುಣವೇ ಅದು ಅಂತ ಈಗ ಗೊತ್ತು. ನೂರು ಧೈರ್ಯದ ಮಾತಿನ ನಡುವೆ ಒಂದು 'ಆದರೆ' ಇದ್ದರೆ ಮನಸ್ಸು ಅದನ್ನೇ ಹೆಕ್ಕಿಕೊಂಡು ಬರುತ್ತದೆ.

ನವೆಂಬರ್‌ನಲ್ಲಿ ಒಂದು ರಾತ್ರಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ, ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಮೊದಲನೇ ಸಲ ಭಾಷೆ ಆರಿಸಿ ಅನ್ನುತ್ತಿದ್ದ ಹಾಗೇ ಕಟ್ ಮಾಡಿದೆ. ಎರಡನೇ ಸಲ ಆ ಕಡೆಯಿಂದ ಹೆಣ್ಣು ದನಿ "ನಮಸ್ಕಾರ, ಹೇಳಿ" ಅಂದಿದ್ದಕ್ಕೇ ಇಟ್ಟುಬಿಟ್ಟೆ. ಮೂರನೇ ಸಲ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಮಾತಾಡಿದೆ. ಹೆಸರು ಹೇಳಲಿಲ್ಲ. ಯೋಚನೆ ಏನು ಅಂತಲೂ ಹೇಳಲಿಲ್ಲ. "ಹೇಳಕ್ಕಾಗದಂಥ ಯೋಚನೆ ಬರ್ತಾವೆ, ಡಾಕ್ಟ್ರಿಗೆ ಹೇಳಿದ್ರೆ ಪೊಲೀಸ್‌ಗೆ ಹೇಳ್ತಾರಾ?" ಅಂತ ಕೇಳಿದೆ. ಆಕೆ ಮೊದಲು, ಈಗ ಮಗು ಹತ್ತಿರ ಯಾರಿದ್ದಾರೆ, ನಿಮಗೆ ಸಾಯಬೇಕು ಅನ್ನಿಸುತ್ತಿದೆಯಾ, ಯಾರೋ ಹೇಳಿದ ಹಾಗೆ ಕಿವಿಗೆ ಮಾತು ಕೇಳಿಸುತ್ತಾ ಅಂತ ವಿಚಾರಿಸಿಕೊಂಡಳು. ಆಮೇಲೆ, "ನೀವು ಇದನ್ನ ಮಾಡ್ಬೇಕು ಅಂತ ಹೇಳ್ತಿಲ್ಲ, ಹೆದ್ರಿಕೆ ಆಗ್ತಿದೆ ಅಂತ ಹೇಳ್ತಿದೀರಿ ಅಲ್ವಾ ಮೇಡಂ? ಹಂಗೇ ಡಾಕ್ಟ್ರಿಗೂ ಹೇಳಿ" ಅಂದಳು. ಯಾವ ತಾಲ್ಲೂಕು ಅಂತ ಕೇಳಿ, ಮಂಗಳವಾರ ಹೋಗಿ ಅಂದಳು.

ಮಂಗಳವಾರ ಯಾಕೆಂದರೆ, ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮವಿದೆ, 2014ರಿಂದ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ದೊಡ್ಡ ಅನುಕೂಲ. ಸಣ್ಣ ಊರಲ್ಲಿ ಅದೇ ದೊಡ್ಡ ಅನನುಕೂಲ ಕೂಡ. ಮಂಗಳವಾರ ಆ ಬೆಂಚಿನ ಮೇಲೆ ಕೂತವರು ಯಾಕೆ ಕೂತಿದ್ದಾರೆ ಅಂತ ಕ್ಯಾಂಟೀನಿನವನಿಗೂ ಗೊತ್ತು. ಮಗುವಿಗೆ ನೆಗಡಿ ಅಂತ ಹೇಳಿ ಹೊರಟೆ. ಬೆಂಚಿನ ತುದಿಯಲ್ಲಿ ಸೆರಗು ಮುಖಕ್ಕೆ ಎಳೆದುಕೊಂಡು ಕೂತಿದ್ದವಳಿಗೆ ಎದುರಿಗೆ ಕಂಡದ್ದು ಯಾರು? ನಮ್ಮ ಆಶಾ ಕಾರ್ಯಕರ್ತೆ. ಎದ್ದು ಓಡಬೇಕು ಅನ್ನುವಷ್ಟರಲ್ಲಿ ಅವಳೇ ಮುಖ ಆ ಕಡೆ ತಿರುಗಿಸಿದಳು. ಅವಳ ಪಕ್ಕದಲ್ಲಿ ಅವಳ ತಮ್ಮ ಕೂತಿದ್ದ, ಕೈಯಲ್ಲಿ ಹಳೇ ದಪ್ಪ ಫೈಲು. ನಾವಿಬ್ಬರೂ ಅವತ್ತು ಒಬ್ಬರನ್ನೊಬ್ಬರು ನೋಡಲೇ ಇಲ್ಲ. ಇವತ್ತಿಗೂ ನೋಡಿಲ್ಲ.

ಡಾಕ್ಟರು ಹೆಣ್ಣುಮಗಳು, ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಒಳಗೆ ಹೋದ ತಕ್ಷಣ ಎದ್ದು ತಾವೇ ಬಾಗಿಲು ಹಾಕಿದರು. ಚಿಲಕ ಸರಿ ಇರಲಿಲ್ಲ, ಒಂದು ಸ್ಟೂಲು ಒತ್ತಿ ಇಟ್ಟರು. ನನಗೆ ಅರ್ಧ ಧೈರ್ಯ ಬಂದದ್ದು ಆ ಸ್ಟೂಲಿನಿಂದ.

ಆದರೂ ನೇರ ಹೇಳಲಿಲ್ಲ. "ನನ್ನ ಫ್ರೆಂಡ್ ಒಬ್ಳಿಗೆ ಮೇಡಂ" ಅಂತ ಶುರು ಮಾಡಿದೆ. "ಅವಳಿಗೆ ಬಾಣಂತನ ಆಗಿದೆ. ಏನೇನೋ ಯೋಚನೆ ಬರುತ್ತಂತೆ."

"ಅವರ ಮಗುಗೆ ಎಷ್ಟು ತಿಂಗಳು?"

"ಐದು."

"ನಿಮ್ಮ ಮಗುಗೆ?"

"ಐದು."

ಅವರು ನಗಲಿಲ್ಲ, ನನ್ನನ್ನು ಹಿಡಿದು ಹಾಕಿದೆ ಅನ್ನುವ ಮುಖವನ್ನೂ ಮಾಡಲಿಲ್ಲ. "ನಿಮ್ಮ ಫ್ರೆಂಡ್‌ಗೆ ಬರೋ ಯೋಚನೆ ಇಂಥದ್ದಿರಬಹುದಾ ಅಂತ ನಾನೇ ಕೇಳ್ತೀನಿ. ನೀವು ಹೂಂ ಅಥವಾ ಉಹೂಂ ಅನ್ನಿ, ಸಾಕು" ಅಂದರು. ಡ್ರಾಯರಿನಿಂದ ಒಂದು ಜೆರಾಕ್ಸ್ ಹಾಳೆ ತೆಗೆದರು. ಯೇಲ್-ಬ್ರೌನ್ ಪಟ್ಟಿ ಅಂತ ಅದಕ್ಕೆ, ಗೀಳು ಕಾಯಿಲೆ, ಅಂದರೆ ಬೇಡದ ಯೋಚನೆ ಮತ್ತೆ ಮತ್ತೆ ನುಗ್ಗಿ ಬರುವ ಒ.ಸಿ.ಡಿ., ಅದನ್ನು ಅಳೆಯಲು 1989ರಿಂದ ಬಳಕೆಯಲ್ಲಿದೆಯಂತೆ. ಇಂಗ್ಲಿಷಿನಲ್ಲಿ ಅಚ್ಚಾದದ್ದು. ಪ್ರತಿ ಸಾಲಿನ ಪಕ್ಕ ಯಾರೋ ನೀಲಿ ಪೆನ್ನಿನಲ್ಲಿ ಕನ್ನಡ ಬರೆದಿದ್ದರು, ಜೆರಾಕ್ಸ್‌ನಲ್ಲಿ ಅದು ಕಪ್ಪಾಗಿ ಮಸುಕಾಗಿತ್ತು. ಹಾಳೆಯನ್ನು ನನ್ನ ಕಡೆ ತಿರುಗಿಸಿ ಬೆರಳು ಇಟ್ಟರು. 'ಬೇರೆಯವರಿಗೆ ತಾನು ಹಾನಿ ಮಾಡಿಬಿಡುತ್ತೇನೆ ಎಂಬ ಭಯ.' ಅದರ ಕೆಳಗೆ 'ಹಿಂಸೆಯ, ಭಯಾನಕ ಚಿತ್ರಗಳು ಕಾಣುವುದು'.

ಅಚ್ಚಾಗಿತ್ತು! ನಾನು ಐದು ತಿಂಗಳು ಎದೆಯಲ್ಲಿ ಬಚ್ಚಿಟ್ಟುಕೊಂಡ, ಲೋಕದಲ್ಲಿ ನನಗೊಬ್ಬಳಿಗೇ ಬಂದಿದೆ ಅಂದುಕೊಂಡ ಪಾಪಕ್ಕೆ ಜೆರಾಕ್ಸ್ ಪ್ರತಿ ಇತ್ತು. ಯಾರೋ ಎಷ್ಟೋ ಜನರನ್ನು ಕೇಳಿ, ಸಾಲು ಮಾಡಿ, ನಂಬರ್ ಹಾಕಿದ್ದರು. ಅದರ ಪಕ್ಕ ನಮ್ಮ ಭಾಷೆಯಲ್ಲಿ ಬರೆಯುವಷ್ಟು ಸಲ ಈ ಕೋಣೆಯಲ್ಲಿ ಅದನ್ನು ಕೇಳಿದ್ದರು. ಹಾಳೆಯ ಮೂಲೆಯಲ್ಲಿ ಟೀ ಲೋಟದ ಉಂಗುರದ ಕಲೆ. ಆ ಕಲೆಯನ್ನೇ ನೋಡುತ್ತಾ "ಹೂಂ" ಅಂದೆ. ಮೇಡಂ ಟಿಕ್ ಹಾಕಿದರು. ಮುಂದಿನದಕ್ಕೂ ಹೂಂ. ಸ್ವಲ್ಪ ಕೆಳಗೆ ಇನ್ನೊಂದು ಸಾಲು ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಹೂಂ ಅನ್ನಲೂ ದನಿ ಬರಲಿಲ್ಲ. ಅವರು ಪೆನ್ನನ್ನು ಮೇಜಿನ ಮೇಲೆ ನನ್ನ ಕಡೆಗೆ ಉರುಳಿಸಿ ಕಿಟಕಿಯ ಕಡೆ ನೋಡಿದರು. ಟಿಕ್ ನಾನೇ ಹಾಕಿದೆ.

ಆಮೇಲೆ ಕತ್ತಿಯ ಕಥೆಯನ್ನು ನಾನೇ ಹೇಳಿದೆ, ಹನ್ನೊಂದನೇ ರಾತ್ರಿಯಿಂದ. ಫ್ರೆಂಡ್ ಎಲ್ಲಿ ಹೋದಳೋ ಇಬ್ಬರೂ ಕೇಳಲಿಲ್ಲ. ಅಮ್ಮ ಗಾಳಿ ಸೋಕಬಾರದು ಅಂತ ಇಟ್ಟಿದ್ದು ಅಂದಾಗ ಮೇಡಂ, "ಇದು ಗಾಳಿ ಅಲ್ಲ, ಗೀಳು" ಅಂದರು. ಬೇಕೆಂದೇ ಪ್ರಾಸ ಮಾಡಿದರೋ, ಬಾಯಿಗೆ ಬಂತೋ. ಐದು ತಿಂಗಳಲ್ಲಿ ಮೊದಲನೇ ಸಲ ನಕ್ಕಿದ್ದು ಅಲ್ಲಿ.

ಸನ್ನಿ ಅಲ್ವಾ ಹಾಗಾದರೆ ಅಂತ ಕೇಳಿದೆ. ಅದನ್ನು ಅವರು ತಳ್ಳಿಹಾಕಲಿಲ್ಲ, ಕೂತು ಬಿಡಿಸಿದರು. ಸನ್ನಿ ಇದೆ, ಸಾವಿರ ಹೆರಿಗೆಯಲ್ಲಿ ಒಬ್ಬಿಬ್ಬರಿಗೆ ಬರುತ್ತದೆ, ಬಂದರೆ ಅವತ್ತೇ ಆಸ್ಪತ್ರೆಗೆ ಬರಬೇಕು. ಅಲ್ಲಿ ನಿದ್ದೆಯೇ ಬೇಕು ಅನ್ನಿಸಲ್ಲ, ಗೊಂದಲ, ಇಲ್ಲದ ಮಾತು ಕೇಳಿಸುತ್ತದೆ, ಮಗುವಿನ ಬಗ್ಗೆ ವಿಚಿತ್ರ ನಂಬಿಕೆಗಳು ಬರುತ್ತವೆ, ಆ ನಂಬಿಕೆ ತಪ್ಪು ಅಂತ ತಾಯಿಗೆ ಅನ್ನಿಸುವುದಿಲ್ಲ. ನಿಮಗೆ ಯೋಚನೆ ಬಂದ ಕೂಡಲೇ ಎದೆ ಒಡೆದುಹೋಗುತ್ತದೆ, ಕತ್ತಿ ಮೂಲೆಗೆ ಸರಿಸುತ್ತೀರಿ, ಕೈ ಕಟ್ಟಿಕೊಂಡು ಮಲಗುತ್ತೀರಿ. ಎರಡೂ ಬೇರೆ ಬೇರೆ ಮನೆ ಅಂದರು. ಆದರೂ ಕಿವಿಗೆ ಮಾತು ಕೇಳಿಸುತ್ತದೆಯಾ, ಸಾಯುವ ಯೋಚನೆ ಇದೆಯಾ ಅಂತ ಎರಡೆರಡು ಸಲ ಕೇಳಿಯೇ ಮುಂದೆ ಹೋದರು. ಕೇಳದೇ ಧೈರ್ಯ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

"ಫೈಲಲ್ಲಿ ಏನು ಬರೀತೀರಿ?" ಅಂತ ಕೇಳಿದೆ. ಫೈಲನ್ನೇ ತಿರುಗಿಸಿ ತೋರಿಸಿದರು. ಹಾನಿಯ ಕುರಿತು ಬೇಡದ ಯೋಚನೆಗಳು, ಮಾಡುವ ಉದ್ದೇಶವಿಲ್ಲ, ಒಳನೋಟ (ಇದು ಕಾಯಿಲೆಯ ಯೋಚನೆ ಅನ್ನುವ ಅರಿವು) ಚೆನ್ನಾಗಿದೆ. ಇಂಗ್ಲಿಷಿನಲ್ಲಿ ಎರಡು ಸಾಲು. ನಾನು 23ನೇ ಸೆಕ್ಷನ್‌ನ ವಿನಾಯಿತಿಯ ವಿಷಯ ಎತ್ತಿದೆ. ಅವರಿಗೆ ಆಶ್ಚರ್ಯವಾಯಿತು, ಅಷ್ಟು ಓದಿಕೊಂಡು ಬಂದವರು ಕಡಿಮೆ. "ಹೌದು, ಇದೆ. ನಿಜವಾಗಿ ಅಪಾಯ ಕಂಡ್ರೆ ನಾನು ಹೇಳ್ತೀನಿ, ಹೇಳಲ್ಲ ಅಂತ ಸುಳ್ಳು ಹೇಳಲ್ಲ. ನಿಮ್ಮಲ್ಲಿ ನನಗೆ ಅದು ಕಾಣ್ತಿಲ್ಲ. ಮನೆಗೆ ಹೋಗಿ ಮಗುಗೆ ಹಾಲು ಕೊಡಿ" ಅಂದರು. ಸುಳ್ಳು ಹೇಳಲ್ಲ ಅಂದರಲ್ಲ, ಅದಕ್ಕೇ ಉಳಿದದ್ದನ್ನು ನಂಬಿದೆ.

ಪಟ್ಟಿಯಲ್ಲಿ 40ಕ್ಕೆ 29 ಬಂದಿತ್ತು. 24ರಿಂದ ಮೇಲೆ ತೀವ್ರ ಅಂತ ಲೆಕ್ಕ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನನಗೆ ಅಷ್ಟು ಪರ್ಸೆಂಟ್ ಬಂದಿರಲಿಲ್ಲ.

ಮಾತ್ರೆ ಸರ್ಟ್ರಾಲಿನ್. ಹಾಲಿನಲ್ಲಿ ಬಹಳ ಕಡಿಮೆ ಹೋಗುತ್ತದೆ, ಹಾಲು ನಿಲ್ಲಿಸಬೇಕಿಲ್ಲ ಅಂದರು. 25 ಮಿಲಿಗ್ರಾಂನಿಂದ ಶುರುವಾಗಿ ತಿಂಗಳುಗಳಲ್ಲಿ 150ಕ್ಕೆ ಹೋಯಿತು. ಗೀಳಿಗೆ ಖಿನ್ನತೆಗಿಂತ ಹೆಚ್ಚು ಪ್ರಮಾಣ ಬೇಕು, ಪರಿಣಾಮ ಕಾಣಲು ಎಂಟು ಹತ್ತು ವಾರ ಹಿಡಿಯುತ್ತದೆ ಅಂತ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಮೂರನೇ ವಾರಕ್ಕೇ ಬಿಟ್ಟುಬಿಡುತ್ತಿದ್ದೆ.

ಅವತ್ತು ಬಸ್ಸಿನಲ್ಲಿ ಹಗುರವಾಗಿದ್ದೆ. ಹೇಳಿಬಿಟ್ಟೆನಲ್ಲ, ಇನ್ನು ಮುಗಿಯಿತು ಅಂದುಕೊಂಡೆ. ಇಲ್ಲಿ ಒಂದು ತಿರುವು ಇದೆ, ನನಗೆ ಯಾರೂ ಹೇಳಿರಲಿಲ್ಲ. ಯಾರಿಗೂ ಹೇಳಲಾಗದಿದ್ದವಳಿಗೆ ಹೇಳುವ ಚಟ ಹತ್ತಿತು. ಅವತ್ತು ರಾತ್ರಿ ನಮ್ಮನೆಯವರಿಗೆ ಹೇಳಿದೆ. ಅವರು ತುಂಬಾ ಹೊತ್ತು ಸುಮ್ಮನಿದ್ದು "ಇಷ್ಟು ದಿನ ಒಬ್ಳೇ ಇಟ್ಕೊಂಡಿದ್ಯಾ?" ಅಂದರು. ಮಾರನೇ ದಿನ ಬೆಳಗ್ಗೆ, "ರೀ, ಈಗ ಮತ್ತೆ ಬಂತು, ನಾನು ಹಂಗೆಲ್ಲ ಮಾಡಲ್ಲ ಅಲ್ವಾ?" "ಇಲ್ಲ ಕಣೇ." ತಿಂಡಿಗೆ ಕೂತಾಗ ಇನ್ನೊಮ್ಮೆ. ಮಧ್ಯಾಹ್ನ ಫೋನ್ ಮಾಡಿ. ಆಮೇಲೆ, ಮೇಡಂಗೆ ಹೇಳುವಾಗ ಒಂದು ವಿವರ ಬಿಟ್ಟೆನಾ? ಅದು ಹೇಳಿದ್ದರೆ ಅವರು ಸನ್ನಿ ಅನ್ನುತ್ತಿದ್ದರೇನೋ? ಮುಂದಿನ ಮಂಗಳವಾರ ಚೀಟಿ ಬರೆದುಕೊಂಡು ಹೋದೆ, ಹತ್ತೊಂಬತ್ತು ಅಂಶ. ಮೇಡಂ ಮೂರು ಓದಿ ಮಡಿಸಿ ವಾಪಸ್ ಕೊಟ್ಟರು. "ಇವೆಲ್ಲ ಒಂದೇ. ಮೊದಲು ಕತ್ತಿ ಬಚ್ಚಿಡ್ತಿದ್ರಿ, ಈಗ ನನ್ನ ಹತ್ರ ಬಂದು ಕೇಳ್ತೀರಿ. ಎರಡೂ ಒಂದೇ ಕೆಲ್ಸ."

ಆ ಚೀಟಿ ಇನ್ನೂ ಇದೆ. ಐದನೇ ಅಂಶ ಎರಡು ಸಲ ಬರೆದಿದ್ದೇನೆ.

ಜಿಲ್ಲಾ ಕೇಂದ್ರದಲ್ಲಿ ಮನಶ್ಶಾಸ್ತ್ರಜ್ಞೆಯೊಬ್ಬರ ಹತ್ತಿರ ಹದಿನೈದು ದಿನಕ್ಕೊಂದು ಶನಿವಾರ ಹೋಗತೊಡಗಿದೆ. ಹೆದರಿಕೆಗೆ ಎದುರಾಗಿ ನಿಲ್ಲುವುದು, ನಿಂತು, ಯಾವತ್ತೂ ಮಾಡುವ ಉಪಾಯ ಮಾಡದೇ ಇರುವುದು. ಚಿಕಿತ್ಸೆ ಅಂದರೆ ಅಷ್ಟೇ, ಹೇಳಲು ಸುಲಭ. ಹೆದರಿಕೆಗಳನ್ನೆಲ್ಲ ಮೆಟ್ಟಿಲು ಮಾಡಿ ಬರೆಸಿದರು. ಕೆಳಗಿನ ಮೆಟ್ಟಿಲು 'ಕತ್ತಿ' ಅನ್ನುವ ಪದವನ್ನು ಮಗಳ ಹೆಸರಿನ ಪಕ್ಕ ಬರೆಯುವುದು. ಅದಕ್ಕೇ ಒಂದು ವಾರ ಬೇಕಾಯಿತು. ಆಮೇಲೆ ನನ್ನ ಯೋಚನೆಯನ್ನು ನಾನೇ ಮೊಬೈಲಿನಲ್ಲಿ ಹೇಳಿ ರೆಕಾರ್ಡ್ ಮಾಡಿ ದಿನಾ ಇಪ್ಪತ್ತು ನಿಮಿಷ ಕೇಳುವುದು. ಒಂಬತ್ತನೇ ದಿನ ಕೇಳುತ್ತಾ ಕೇಳುತ್ತಾ ಆಕಳಿಕೆ ಬಂತು. ಅಪರಾಧ ಮಾಡಿದವಳ ಹಾಗೆ ಸುತ್ತ ನೋಡಿದೆ. ನಮ್ಮನೆಯವರಿಗೂ ಒಂದು ಪಾಠ ಇತ್ತು. ನಾನು ಕೇಳಿದಾಗೆಲ್ಲ "ಇದಕ್ಕೆ ಉತ್ತರ ಕೊಡಬೇಡ ಅಂದಿದಾರೆ" ಅನ್ನಬೇಕು. ಪಾಪ, ಮೊದಲ ದಿನ ಅದನ್ನು ಹೇಳಿ ಅವರೇ ಹಿತ್ತಲಿಗೆ ಹೋಗಿ ಕೂತರು. ನನಗೆ ಸಿಟ್ಟೂ ಬಂತು. ಐದು ತಿಂಗಳು ಬಾಯಿಬಿಡು ಅಂತ ನನ್ನನ್ನು ನಾನೇ ಗೋಳಾಡಿಸಿಕೊಂಡು, ಬಿಟ್ಟ ಮೇಲೆ ಬಾಯಿ ಮುಚ್ಚು ಅಂದರೆ?

ಆ ಶನಿವಾರಗಳ ಕಾಲದಲ್ಲೇ ಓದಿದ್ದು. 1978ರಲ್ಲಿ ಲಂಡನ್ನಿನಲ್ಲಿ ರಾಚ್‌ಮನ್ ಮತ್ತು ಡಿ ಸಿಲ್ವಾ ಅನ್ನುವವರು ಯಾವ ಕಾಯಿಲೆಯೂ ಇಲ್ಲದ ಸಾಮಾನ್ಯ ಜನರನ್ನು ಇಂಥ ಯೋಚನೆ ಬರುತ್ತದೆಯಾ ಅಂತ ಕೇಳಿದರು. ಸುಮಾರು 80 ಪರ್ಸೆಂಟ್ ಜನ ಬರುತ್ತದೆ ಅಂದರು. ಕಾಯಿಲೆಯವರ ಯೋಚನೆ, ಸಾಮಾನ್ಯರ ಯೋಚನೆ ಎರಡನ್ನೂ ಕಲಸಿ ಕೊಟ್ಟರೆ ಬೇರ್ಪಡಿಸುವುದು ತಜ್ಞರಿಗೂ ಸುಲಭವಾಗಲಿಲ್ಲ. ಅವರಿಗೆ ಬಂದು ಹೋಗುತ್ತದೆ. ನಾನು ಅದಕ್ಕೆ ಮಣೆ ಹಾಕಿ ಕೂರಿಸಿ, ನೀನು ಯಾರು, ಯಾಕೆ ಬಂದೆ ಅಂತ ವಿಚಾರಣೆಗೆ ಕೂತೆ. ನಮ್ಮ ಬಸ್ಸಿನಲ್ಲಿ ನಿಂತವರನ್ನೆಲ್ಲ ನೋಡುತ್ತಾ, ಹತ್ತರಲ್ಲಿ ಎಂಟು ಜನ, ಆ ಕಂಡಕ್ಟರನೂ ಸೇರಿ ಅಂತ ಲೆಕ್ಕ ಹಾಕಿದ್ದು ನೆನಪಿದೆ.

ಮೇಲಿನ ಮೆಟ್ಟಿಲು ಏನು ಅಂತ ಹೇಳಬೇಕಿಲ್ಲ. ತವರಿಗೆ ಹೋಗಿ ಅಮ್ಮನ ಹತ್ತಿರ ಆ ಕತ್ತಿ ಕೇಳಿದೆ. ಅಮ್ಮನಿಗೆ ಅಷ್ಟರಲ್ಲಿ ಅರ್ಧ ಹೇಳಿದ್ದೆ, ಗೀಳು ಅಂತ ಒಂದು ಕಾಯಿಲೆ, ಮಾತ್ರೆ ಇದೆ, ಗುಣ ಆಗುತ್ತೆ ಅಂತ. ಉಳಿದರ್ಧ ಅವಳು ಕೇಳಲಿಲ್ಲ. ಅಟ್ಟದ ಮೇಲಿಂದ ತಂದು, ಬಟ್ಟೆ ಬಿಚ್ಚಿ, ತುಕ್ಕಿಗೆ ಸ್ವಲ್ಪ ತೆಂಗಿನೆಣ್ಣೆ ಸವರಿ ಕೊಟ್ಟಳು. "ಈಗ್ಯಾಕೆ? ಮಗುಗೆ ವರ್ಷ ಆತಲ್ಲ?" ಅಂದಳು. "ಡಾಕ್ಟ್ರು ಇಡಕ್ಕೆ ಹೇಳಿದಾರೆ" ಅಂದೆ. ಅಮ್ಮನ ಮುಖ ನೋಡಬೇಕಿತ್ತು. ಇಷ್ಟು ಓದಿದ ಡಾಕ್ಟರು ಕೊನೆಗೆ ತನ್ನ ದಾರಿಗೇ ಬಂದರು ಅಂತ ಅವಳಿಗೆ ಗೆದ್ದ ಖುಷಿ. ಊರಲ್ಲೆಲ್ಲ ಹೇಳಿಕೊಂಡು ಬಂದಳು. ನಾನು ತಿದ್ದಲಿಲ್ಲ. ಹನ್ನೆರಡು ರಾತ್ರಿ ಅದು ನನ್ನ ದಿಂಬಿನ ಕೆಳಗಿತ್ತು, ಮಗಳು ಪಕ್ಕದಲ್ಲಿದ್ದಳು. ಮೊದಲ ನಾಲ್ಕು ರಾತ್ರಿಯ ಬಗ್ಗೆ ಬರೆಯುವುದಕ್ಕೆ ಏನಿಲ್ಲ, ಗಡಿಯಾರ ನೋಡಿದ್ದೇ.

ಈಗ ಮಗಳಿಗೆ ಮೂರು ತುಂಬುತ್ತಾ ಬಂತು. ಮಾತ್ರೆ 100ಕ್ಕೆ ಇಳಿದಿದೆ, ಮುಂದಿನ ತಿಂಗಳು ಮತ್ತೆ ತೋರಿಸಬೇಕು. ಮೊನ್ನೆ ಹಿತ್ತಲಲ್ಲಿ ಹಲಸಿನ ಹಣ್ಣು ಕೊಯ್ಯುತ್ತಿದ್ದೆ, ಕೈಗೂ ಅಲಗಿಗೂ ಎಣ್ಣೆ ಹಚ್ಚಿಕೊಂಡು. ಮಗಳು ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು. ಯೋಚನೆ ಬಂತು, ಹಳೇದೇ, ಅದೇ ಮಾತು. ಹಣ್ಣನ್ನು ಎರಡು ಹೋಳು ಮಾಡಿದೆ. ಮೇಣ ಒರೆಸಿ, ಒಂದು ತೊಳೆ ಬಿಡಿಸಿ, ಬೀಜ ತೆಗೆದು ಚೂರು ಮಾಡಿ ಅವಳ ಅಂಗೈಗೆ ಹಾಕಿದೆ. ಬೀಜವೂ ಬೇಕು ಅಂತ ಹಠ ಹಿಡಿದಳು.